ಅಡಿಕೆ ಹಾಳೆಯ ತೂಗುದೀಪ ಪಿಕಪಿಕ ಅಂದರೆ: ದೋಷ ಹುಡುಕುವ ಬಗೆ

ಚನ್ನಗಿರಿಯಲ್ಲಿ ಅಕ್ಕನ ಮನೆಯ ಗೃಹಪ್ರವೇಶಕ್ಕೆ ನಾನೇ ಕೈಯಾರೆ ಒಂದು ತೂಗುದೀಪ ಮಾಡಿ ಕೊಟ್ಟಿದ್ದೆ. ಎರಡು ಅಡಿಕೆ ಹಾಳೆ, ಮೇಲೊಂದು ಕೆಳಗೊಂದು ಬಿದಿರಿನ ಬಳೆ, ನೆತ್ತಿಗೆ ಅರ್ಧ ತೆಂಗಿನ ಚಿಪ್ಪು, ಒಳಗೆ ಹೋಲ್ಡರ್, 9 ವ್ಯಾಟಿನ ಎಲ್‌ಇಡಿ ಬಲ್ಬ್. ಹಾಳೆ ಅವರ ತೋಟದ್ದೇ. ಊಟದ ಕೋಣೆಯಲ್ಲಿ ತೂಗುಹಾಕಿದರು. ತಿಂಗಳು ಕಳೆದ ಮೇಲೆ ಅಕ್ಕ ಫೋನ್ ಮಾಡಿದಳು.

"ತಮ್ಮಾ, ನಿನ್ ದೀಪ ಊಟಕ್ಕೆ ಕೂತಾಗ ಚೆನ್ನಾಗಿ ಉರಿತೈತೆ. ಕೈ ತೊಳೆಯೋ ಹೊತ್ತಿಗೆ ಪಿಕಪಿಕ ಅನ್ನಕ್ಕೆ ಶುರು ಮಾಡ್ತೈತೆ."

ಬಲ್ಬ್ ಕೆಟ್ಟಿರಬೇಕು, ಬದಲಿಸು ಅಂದೆ. ಬದಲಿಸಿದಳು. ಎರಡು ತಿಂಗಳಿಗೆ ಹೊಸದೂ ಹಾಗೇ ಆಯಿತು. ಮೂರನೇ ಬಲ್ಬಿಗೂ ಅದೇ ಕಾಯಿಲೆ ಬಂದಾಗ ಟೆಸ್ಟರ್, ಸ್ಕ್ರೂಡ್ರೈವರ್ ಬ್ಯಾಗಿಗೆ ಹಾಕಿಕೊಂಡು ದಾವಣಗೆರೆಯಲ್ಲಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅವಳ ಮಾತೇ ತಲೆಯಲ್ಲಿತ್ತು. ಏನು ಕೆಟ್ಟಿದೆ ಅಂತ ಅವಳು ಹೇಳಿರಲಿಲ್ಲ. ಯಾವಾಗ ಕೆಡುತ್ತದೆ ಅಂತ ಹೇಳಿದ್ದಳು. ಹಚ್ಚಿ ಅರ್ಧ ಗಂಟೆ ಆದ ಮೇಲೆ. ಉತ್ತರ ಅದರಲ್ಲೇ ಇತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಅವತ್ತಿನಿಂದ ಯಾರು ದೀಪ ಕೆಟ್ಟಿದೆ ಅಂದರೂ ನನ್ನ ಮೊದಲ ಪ್ರಶ್ನೆ "ಯಾವಾಗ?" ಹಚ್ಚಿದ ಕೂಡಲೇನಾ, ಬಿಸಿಯಾದ ಮೇಲಾ? ಗಾಳಿ ಬೀಸಿದಾಗಲಾ? ಮಳೆಗಾಲದಲ್ಲಾ, ಬೇಸಿಗೆಯಲ್ಲಾ? ತಗಡು, ಪ್ಲಾಸ್ಟಿಕ್ಕಿನ ದೀಪ ಮಳೆ ಬಿಸಿಲಿಗೆ ಅಷ್ಟಾಗಿ ಮಿಸುಕುವುದಿಲ್ಲ. ಹಾಳೆ, ಬಿದಿರು, ನಾರು ಹಾಗಲ್ಲ. ಅವು ಗಾಳಿಯ ತೇವ ಕುಡಿದು ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ, ಜೊತೆಗೆ ವೈರನ್ನೂ ಎಳೆಯುತ್ತವೆ. ಕರೆಂಟಿನ ತೊಂದರೆ ಅಂತ ಬಿಚ್ಚಿದರೆ ಅದರ ಬೇರು ಹಾಳೆಯಲ್ಲಿರುವುದು ನಾನು ನೋಡಿದ ದೀಪಗಳಲ್ಲಿ ಜಾಸ್ತಿ.

ಕೈ ಹಾಕುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಆ ಲೈನನ್ನು ಕಡಿಯುವ ಸ್ವಿಚ್) ಇಳಿಸಿ. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ವೈರಿನ ಬದಲು ಅದು ವಾಪಸ್ ಹೋಗುವ ನ್ಯೂಟ್ರಲ್ಲಿಗೆ ಹಾಕಿರುವುದುಂಟು. ಆಗ ದೀಪ ಆರಿದ್ದರೂ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೇ ಕೂತಿರುತ್ತದೆ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಒಂದು ಪ್ಲಗ್ಗಿನಲ್ಲಿಟ್ಟು ಅದು ಹೊತ್ತಿಕೊಳ್ಳುತ್ತದಾ ನೋಡಿ, ಆಮೇಲೆ ದೀಪಕ್ಕೆ ಹಿಡಿಯಿರಿ. ಕೆಟ್ಟ ಟೆಸ್ಟರ್ ಎಲ್ಲ ಕಡೆಯೂ ಕರೆಂಟ್ ಇಲ್ಲ ಅಂತಲೇ ತೋರಿಸುತ್ತದೆ. ಒಣಗಿದ ಕೈ, ಕಾಲಿಗೆ ಚಪ್ಪಲಿ, ಮರದ ಸ್ಟೂಲು. ದೀಪದಲ್ಲಿ ಕೆಲಸ ನಾವೇ ಮಾಡಬಹುದು. ಗೋಡೆಯೊಳಗಿನ ವೈರಿಂಗ್, ಮೀಟರ್ ಬೋರ್ಡಿನ ತಂಟೆಗೆ ಹೋಗಬೇಡಿ, ಎಲೆಕ್ಟ್ರೀಷಿಯನ್ ಕರೆಸಿ.

ಹಚ್ಚಿ ಅರ್ಧ ಗಂಟೆಗೆ ಪಿಕಪಿಕ ಅಂದರೆ

ಅಕ್ಕನ ದೀಪದ ಬಲ್ಬನ್ನು ಬಿಚ್ಚಿ ಹಜಾರದ ಬರೀ ಹೋಲ್ಡರಿಗೆ ಹಾಕಿದೆ. ಎರಡು ಗಂಟೆ ಉರಿಸಿದೆವು. ಒಂದು ಸಲವೂ ಮಿಣುಕಲಿಲ್ಲ. ಅದೇ ಬಲ್ಬನ್ನು ಮತ್ತೆ ಹಾಳೆಯೊಳಗೆ ಹಾಕಿದೆ. ಮೂವತ್ತೈದನೇ ನಿಮಿಷಕ್ಕೆ ಶುರುವಾಯಿತು. ಹೊಸ ಬಲ್ಬ್ ತಂದು ಹಾಕುವುದಕ್ಕಿಂತ ಇರುವ ಬಲ್ಬಿನ ಜಾಗ ಬದಲಿಸಿ ನೋಡುವುದು ಯಾವಾಗಲೂ ಒಳ್ಳೆಯದು. ದೋಷ ಬಲ್ಬಿನ ಜೊತೆ ಹೋಗುತ್ತದೋ, ದೀಪದಲ್ಲೇ ಉಳಿಯುತ್ತದೋ ಗೊತ್ತಾಗುತ್ತದೆ. ಇಲ್ಲಿ ದೀಪದಲ್ಲೇ ಉಳಿಯಿತು.

ಎಲ್‌ಇಡಿ ಬಿಸಿಯಾಗಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಬೆಳಕು ಬರುವ ಬಿಳಿ ಬುರುಡೆ ಅಷ್ಟೇನೂ ಕಾಯುವುದಿಲ್ಲ, ನಿಜ. ಆದರೆ ಬುಡ ಕಾಯುತ್ತದೆ. ಆ ಬುಡದೊಳಗೇ ಕರೆಂಟನ್ನು ಪಳಗಿಸುವ ಸಣ್ಣ ಸರ್ಕ್ಯೂಟ್ ಇರುತ್ತದೆ, ಅದರಲ್ಲೊಂದು ಕೆಪಾಸಿಟರ್. ಬಿಸಿಗೆ ಮೊದಲು ಸೋಲುವುದು ಅದು. ಗೋಡೆಯ ಹೋಲ್ಡರಿನಲ್ಲಿ ಗಾಳಿಯಾಡುತ್ತದೆ, ಬುಡ ತಣ್ಣಗಾಗುತ್ತಿರುತ್ತದೆ. ತೂಗುದೀಪದಲ್ಲಿ ಬಲ್ಬ್ ತಲೆಕೆಳಗಾಗಿರುತ್ತದೆ, ಬುಡ ಮೇಲಕ್ಕೆ. ಬಿಸಿ ಗಾಳಿ ಹೋಗುವುದೂ ಮೇಲಕ್ಕೇ. ಅಲ್ಲಿ ನಾನು ಚಿಪ್ಪಿನ ಮುಚ್ಚಳ ಬಿಗಿಯಾಗಿ ಕೂರಿಸಿದ್ದೆ. ಪಾತ್ರೆಗೆ ತಟ್ಟೆ ಮುಚ್ಚಿ ಕುದಿಸಿದ ಹಾಗೆ ಆಗಿತ್ತು.

ಚಿಪ್ಪನ್ನು ಕೈಯಲ್ಲಿ ಹಿಡಿದು ನೋಡಿದೆ. ಕಣ್ಣಿರುವ ಅರ್ಧ ಭಾಗ ಅದು. ಮೂರು ಕಣ್ಣುಗಳಲ್ಲಿ ಮೆತ್ತಗಿನದನ್ನು ತೂತು ಮಾಡಿ ವೈರ್ ಇಳಿಸಿದ್ದೆ. ಉಳಿದ ಎರಡು ಗಟ್ಟಿ ಕಣ್ಣು ಮುಚ್ಚಿಕೊಂಡೇ ಇದ್ದವು. ಒಳಗೋಡೆ ಕಂದು ಬಣ್ಣದಿಂದ ಕಪ್ಪಿಗೆ ತಿರುಗಿತ್ತು, ವೈರಿನ ಸುತ್ತ ಒಂದು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಕಪ್ಪು. ಆ ಎರಡು ಕಣ್ಣನ್ನೂ ಡ್ರಿಲ್ಲಿನಿಂದ ಬಿಡಿಸಿದೆ. ಚಿಪ್ಪು ಮತ್ತು ಬಳೆಯ ನಡುವೆ ಮೂರು ಬಿದಿರಿನ ಗೂಟ ಇಟ್ಟು ಒಂದು ಬೆರಳು ಎತ್ತರಿಸಿದೆ. ಕೆಳಗಿನ ಬಾಯಿ ಹೇಗೂ ತೆರೆದೇ ಇತ್ತು. ತಣ್ಣನೆಯ ಗಾಳಿ ಕೆಳಗಿನಿಂದ ಬಂದು ಬಿಸಿ ಗಾಳಿ ನೆತ್ತಿಯಿಂದ ಹೋಗಲು ದಾರಿಯಾಯಿತು. 9 ವ್ಯಾಟ್ ತೆಗೆದು 5 ವ್ಯಾಟಿನ ಬಲ್ಬ್ ಹಾಕಿದೆ. ಊಟದ ಮೇಜಿಗೆ ಅಷ್ಟು ಬೆಳಕು ಬೇಕಾದಷ್ಟಾಯಿತು. ಎರಡು ವರ್ಷ ಆಗಿದೆ, ಆ ಬಲ್ಬ್ ಇನ್ನೂ ಬದಲಿಸಿಲ್ಲ.

ಒಂದು ಎಚ್ಚರಿಕೆ. ಒಳಗೆ ಹಾಳೆಯ ಮೇಲೆ ಕಂದು ಕಲೆ ಕಂಡರೆ, ಒಣ ಹುಲ್ಲು ಕಮರಿದ ವಾಸನೆ ಬಂದರೆ ದೀಪವನ್ನು ಮತ್ತೆ ಹಚ್ಚಬೇಡಿ. ಬಲ್ಬ್ ಹಾಳೆಗೆ ತೀರಾ ಹತ್ತಿರ ಇದೆ ಅಂತ ಅರ್ಥ. ಸುತ್ತ ನಾಲ್ಕು ಬೆರಳಾದರೂ ಜಾಗ ಇರಬೇಕು. ಹಳೇ ತಂತಿ ಬಲ್ಬ್, ಹ್ಯಾಲೊಜನ್ ಬಲ್ಬ್ ಇಂಥ ದೀಪಕ್ಕೆ ಬೇಡವೇ ಬೇಡ. ತಂತಿ ಬಲ್ಬ್ ತಾನು ತಿನ್ನುವ ಕರೆಂಟಿನಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಜಾಸ್ತಿ ಬಿಸಿ ಮಾಡಿಯೇ ಕಳೆಯುತ್ತದೆ. ಹಾಳೆ ಒಣ ಸೌದೆಯ ಜಾತಿ.

ಅಲುಗಿದಾಗ ಮಿಣುಕಿದರೆ

ಚಿತ್ರದುರ್ಗದಲ್ಲಿ ಗೆಳೆಯನೊಬ್ಬನ ಜಗಲಿಯಲ್ಲಿ ನನ್ನದೇ ಇನ್ನೊಂದು ದೀಪ ಇದೆ. ದುರ್ಗದ ಗಾಳಿ ಗೊತ್ತಲ್ವಾ? ಗುಡ್ಡದ ಮೇಲೆ ಸಾಲು ಸಾಲು ಗಾಳಿಯಂತ್ರ ನಿಲ್ಲಿಸಿರುವ ಊರು ಅದು. ದೀಪ ದಿನವಿಡೀ ತೂಗುತ್ತಿತ್ತು. ಗಾಳಿ ನಿಂತಾಗ ಸರಿ, ಬೀಸಿದಾಗ ಬೆಳಕು ಹೋಗಿ ಬಂದು ಮಾಡುತ್ತಿತ್ತು. ಇದು ಬಿಸಿಯ ದೋಷ ಅಲ್ಲ. ಎಲ್ಲೋ ಸಡಿಲ ಆಗಿದೆ.

ಎಂಸಿಬಿ ಇಳಿಸಿ ಹೋಲ್ಡರಿನ ಮುಚ್ಚಳ ತಿರುಗಿಸಿದೆ. ಮೊದಲು ಬಂದದ್ದು ವಾಸನೆ, ಹಳಸಿದ ಮೀನಿನಂಥದ್ದು. ಬೇಕಲೈಟ್, ಪ್ಲಾಸ್ಟಿಕ್ ಬಿಸಿಯಾಗಿ ಬೆಂದರೆ ಹೀಗೆ ನಾರುತ್ತವೆ. ಮನೆಯಲ್ಲಿ ಕಾರಣವಿಲ್ಲದೆ ಮೀನಿನ ವಾಸನೆ ಬಂದರೆ ಮೊದಲು ಸ್ವಿಚ್ ಬೋರ್ಡು, ಹೋಲ್ಡರು ನೋಡಿ. ಒಳಗೆ ಒಂದು ಸ್ಕ್ರೂ ಹಿತ್ತಾಳೆಯ ಹೊಳಪಿನಲ್ಲೇ ಇತ್ತು. ಇನ್ನೊಂದು ಮಸಿ ಹಿಡಿದಿತ್ತು. ಆ ಮಸಿ ಹಿಡಿದ ಸ್ಕ್ರೂನಲ್ಲಿ ವೈರಿನ ಎಳೆಗಳಲ್ಲಿ ನಾಲ್ಕೈದು ಮಾತ್ರ ಸಿಕ್ಕಿಕೊಂಡಿದ್ದವು. ಉಳಿದವು ಹೊರಗೆ ಕೆದರಿ ನಿಂತಿದ್ದವು. ಬಲ್ಬಿನ ಬುಡ ಒತ್ತುವ ಸ್ಪ್ರಿಂಗ್ ಪಿನ್ನುಗಳಲ್ಲಿ ಒಂದು ಒತ್ತಿದರೆ ಒಳಗೇ ಉಳಿಯುತ್ತಿತ್ತು, ಎದ್ದು ಬರುತ್ತಿರಲಿಲ್ಲ.

ಹೋಲ್ಡರ್ ಬದಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಬೆಂದ ಹೋಲ್ಡರಿಗೆ ಉಪ್ಪು ಕಾಗದ ಉಜ್ಜಿ ಮತ್ತೆ ಹಾಕುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಆದರೆ ಬರೀ ಹೋಲ್ಡರ್ ಬದಲಿಸಿದರೆ ಆರು ತಿಂಗಳಿಗೆ ಮತ್ತೆ ಅದೇ ಕಥೆ. ವೈರ್ ಯಾಕೆ ಹೊರಗೆ ಬಂತು? ಯಾಕಂದರೆ ಹಾಳೆ, ಬಳೆ, ಚಿಪ್ಪು ಎಲ್ಲದರ ಭಾರ ಆ ಎರಡು ಸಣ್ಣ ಸ್ಕ್ರೂಗಳ ಮೇಲೆ ಬಿದ್ದಿತ್ತು. ತಪ್ಪು ನಾನು ದೀಪ ಕಟ್ಟಿದ ರೀತಿಯಲ್ಲೇ ಇತ್ತು.

ಈಗ ನಾನು ಮಾಡುವುದು ಹೀಗೆ. ಮೇಲಿನ ಬಿದಿರಿನ ಬಳೆಗೆ ಅಡ್ಡಲಾಗಿ ಒಂದು ದಪ್ಪ ಬಿದಿರಿನ ಪಟ್ಟಿ ಕಟ್ಟುತ್ತೇನೆ. ಅದರಿಂದ ಸಣ್ಣ ಸರಪಳಿ ಎತ್ತಿ ಛಾವಣಿಯ ಕೊಕ್ಕೆಗೆ ಹಾಕುತ್ತೇನೆ. ಭಾರವೆಲ್ಲ ಸರಪಳಿಗೆ. ವೈರ್ ಸರಪಳಿಯ ಸಂದಿನಲ್ಲಿ ಸಡಿಲವಾಗಿ ನುಸುಳಿಕೊಂಡು ಬರುತ್ತದೆ, ಅದರ ಮೇಲೆ ಎಳೆತವೇ ಇಲ್ಲ. ಹೋಲ್ಡರಿನ ಮುಚ್ಚಳದ ಒಳಗೆ ವೈರಿಗೆ ಒಂದು ಗಂಟು, ಎಳೆದರೂ ಸ್ಕ್ರೂ ತನಕ ಎಳೆತ ಹೋಗದ ಹಾಗೆ. ಎಳೆಗಳನ್ನು ಹುರಿ ಹೊಸೆದಂತೆ ಬಿಗಿಯಾಗಿ ಹೊಸೆದು, ಮಡಚಿ, ಎಲ್ಲ ಎಳೆಯೂ ಸ್ಕ್ರೂನ ಅಡಿಗೆ ಹೋದ ಮೇಲೆ ಬಿಗಿ ಮಾಡುತ್ತೇನೆ. ಆಮೇಲೆ ಒಂದೊಂದನ್ನೇ ಜಗ್ಗಿ ನೋಡುತ್ತೇನೆ. ವೈರ್ 0.75 ಚದರ ಮಿಲಿಮೀಟರಿನದು, ಎರಡು ಪದರದ ದುಂಡು ಕೇಬಲ್. ಅಲಂಕಾರದ ಸೀರಿಯಲ್ ಸೆಟ್ಟಿನ ತೆಳು ವೈರ್ ನೋಡಲು ಚೆಂದ, ಆದರೆ ಈ ಕೆಲಸಕ್ಕೆ ಅಲ್ಲ.

ದೀಪ ಸರಿಯಿದ್ದೂ ಬೆಳಕು ಕುಣಿದರೆ

ತೂಗುದೀಪವನ್ನು ಫ್ಯಾನಿನ ಕೊಕ್ಕೆಗೆ ಹಾಕುವುದು ನಮ್ಮಲ್ಲಿ ಮಾಮೂಲು. ಕೊಕ್ಕೆಯ ಜೊತೆ ಫ್ಯಾನಿನ ವೈರೂ ಸಿಗುತ್ತದೆ, ಆದರೆ ಅದು ರೆಗ್ಯುಲೇಟರ್ ಮೂಲಕ ಬಂದಿರುತ್ತದೆ. ಸಾಮಾನ್ಯ ಎಲ್‌ಇಡಿ ಬಲ್ಬಿಗೆ ರೆಗ್ಯುಲೇಟರ್ ಆಗಿಬರುವುದಿಲ್ಲ. ಮಿಣುಕುತ್ತದೆ, ಗುಂಯ್ ಅನ್ನುತ್ತದೆ, ಬೇಗ ಸಾಯುತ್ತದೆ. ರೆಗ್ಯುಲೇಟರ್ ತಪ್ಪಿಸಿ ನೇರ ಸ್ವಿಚ್ಚಿನಿಂದ ವೈರ್ ಕೊಡಿಸಿ.

ಮೋಟರ್, ಮಿಕ್ಸಿ ಹಾಕಿದಾಗ ಮನೆಯ ಎಲ್ಲ ದೀಪವೂ ಒಂದು ಕ್ಷಣ ಮಂಕಾದರೆ ಅದು ವೋಲ್ಟೇಜ್, ನಿಮ್ಮ ದೀಪದ್ದು ತಪ್ಪಿಲ್ಲ. ಆದರೆ ಒಂದು ಕೋಣೆಯ ಬೆಳಕು ಮಂಕಾಗಿ ಇನ್ನೊಂದು ಕೋಣೆಯದು ಕಣ್ಣು ಕುಕ್ಕುವಷ್ಟು ಜಾಸ್ತಿಯಾದರೆ ತಡ ಮಾಡಬೇಡಿ. ಮೇನ್ ಆಫ್ ಮಾಡಿ ಲೈನ್‌ಮನ್‌ಗೆ ಫೋನ್ ಮಾಡಿ. ನ್ಯೂಟ್ರಲ್ ಬಿಟ್ಟುಕೊಂಡಿರಬಹುದು. ಟಿವಿ, ಫ್ರಿಜ್ ಎಲ್ಲ ಸುಟ್ಟುಹೋಗುತ್ತವೆ.

ಆಫ್ ಮಾಡಿದರೂ ಬಲ್ಬ್ ಸಣ್ಣಗೆ ಮಿನುಗುತ್ತಿದ್ದರೆ ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದೆಯಾ ನೋಡಿ. ಅದರ ಮೂಲಕ ಹರಿಯುವ ಚೂರು ಕರೆಂಟೇ ಎಲ್‌ಇಡಿಗೆ ಸಾಕಾಗುತ್ತದೆ. ಇಂಡಿಕೇಟರ್ ಇಲ್ಲದಿದ್ದರೆ ಆಗಲೇ ಹೇಳಿದ ನ್ಯೂಟ್ರಲ್ ಸ್ವಿಚ್ ಇರಬಹುದು. ಮೊದಲನೆಯದರಿಂದ ತೊಂದರೆ ಇಲ್ಲ, ಎರಡನೆಯದು ಅಪಾಯ, ಎಲೆಕ್ಟ್ರೀಷಿಯನ್ ಕೈಯಲ್ಲಿ ಸರಿಮಾಡಿಸಿ.

ದೀಪ ಹಚ್ಚಿದ ಕೂಡಲೇ ಎಂಸಿಬಿಯೋ ಆರ್‌ಸಿಸಿಬಿಯೋ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಬಿದ್ದರೆ ವೈರ್ ಬಿದಿರನ್ನು ದಾಟುವ ಜಾಗ ಹುಡುಕಿ. ಸೀಳಿದ ಬಿದಿರಿನ ಅಂಚು ಬ್ಲೇಡಿನಂತೆ ಇರುತ್ತದೆ, ದೀಪ ತೂಗಿದಷ್ಟೂ ವೈರಿನ ಮೈ ಕೊಯ್ಯುತ್ತದೆ. ಮಳೆಗಾಲದಲ್ಲಿ ಮಾತ್ರ ಬೀಳುತ್ತಿದ್ದರೆ ಇದೇ ಇರಬಹುದು. ಕೊಯ್ದ ವೈರಿಗೆ ಟೇಪ್ ಸುತ್ತಬೇಡಿ, ವೈರನ್ನೇ ಬದಲಿಸಿ, ದಾಟುವ ಜಾಗದಲ್ಲಿ ರಬ್ಬರ್ ಕೊಳವೆ ತೊಡಿಸಿ. ಬಳೆ ಕಬ್ಬಿಣದ ಕಂಬಿಯದಾದರೆ ಮೂರನೇ ವೈರಾಗಿ ಅರ್ತ್ ಕೊಡಲೇಬೇಕು.

ಹಾಳೆ ಸೀಳಿದರೆ, ಸೊಟ್ಟಗಾದರೆ

ಒಂದೇ ತೋಟದ ಹಾಳೆ, ಒಂದೇ ಅಳತೆ, ಒಂದೇ ವಾರದಲ್ಲಿ ಕಟ್ಟಿದ ಎರಡು ದೀಪ. ಚನ್ನಗಿರಿಯದು ಆಷಾಢದಲ್ಲಿ ಹೊಟ್ಟೆ ಬಿಟ್ಟು ಬಲ್ಬಿನ ಕಡೆ ಬಾಗಿತು. ದುರ್ಗದ್ದು ಮಾರ್ಚಿನಲ್ಲಿ ಹೊಲಿಗೆಯುದ್ದಕ್ಕೂ ಚರ್ ಅಂತ ಸೀಳಿತು. ಸುಮಾರು ನೂರು ಕಿಲೋಮೀಟರಿನೊಳಗಿನ ಎರಡು ಊರು. ಒಂದು ಕಡೆ ತೋಟದ ತೇವ, ಇನ್ನೊಂದು ಕಡೆ ಒಣ ಗಾಳಿ.

ಕಾರಣ ಹಾಳೆಯ ನಾರಿನಲ್ಲಿದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಉದ್ದಕ್ಕೆ ಗೆರೆ ಗೆರೆ ಕಾಣುತ್ತದೆ. ಆ ಗೆರೆಯ ಉದ್ದಕ್ಕೆ ಹಾಳೆ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ ಅನ್ನಬಹುದು. ಅಡ್ಡಕ್ಕೆ ಮಾತ್ರ ಚೆನ್ನಾಗಿ ಆಡುತ್ತದೆ. ಬಿದಿರಿನ ಬಳೆಯಲ್ಲಿ ನಾರು ಬಳೆಯ ಸುತ್ತಲೂ ಓಡುತ್ತದೆ, ಹಾಗಾಗಿ ಬಳೆಯ ಸುತ್ತಳತೆ ಬದಲಾಗುವುದಿಲ್ಲ. ಬದಲಾಗದ ಬಳೆಗೆ ಬದಲಾಗುವ ಹಾಳೆಯನ್ನು ನಾನು ಬಿಗಿಯಾಗಿ ಹೊಲಿದಿದ್ದೆ, ಮೇಲಿಂದ ಅಂಟನ್ನೂ ಹಾಕಿದ್ದೆ. ಬೇಸಿಗೆಯಲ್ಲಿ ಹಾಳೆಗೆ ಕುಗ್ಗಲು ಜಾಗ ಇಲ್ಲ, ಸೀಳಿತು. ಮಳೆಗಾಲದಲ್ಲಿ ಹಿಗ್ಗಲು ಜಾಗ ಇಲ್ಲ, ಒಳಕ್ಕೆ ಬಾಗಿತು.

ಅಂಟು ಜಾಸ್ತಿ ಹಾಕಿದರೆ ಸರಿಹೋಗುತ್ತದೆ ಅಂತ ನನಗೂ ಅನ್ನಿಸಿತ್ತು. ಹೋಗುವುದಿಲ್ಲ, ಸೀಳು ಪಕ್ಕಕ್ಕೆ ಸರಿಯುತ್ತದೆ ಅಷ್ಟೇ. ಪರಿಹಾರ ಸಡಿಲ ಬಿಡುವುದು. ಎರಡು ಹಾಳೆ ಸೇರುವ ಕಡೆ ಎರಡು ಬೆರಳು ಒಂದರ ಮೇಲೊಂದು ಬರುವಂತೆ ಇಡಿ. ಪ್ರತಿ ಹಾಳೆಯ ಒಂದು ಅಂಚನ್ನು ಮಾತ್ರ ಬಳೆಗೆ ಹೊಲಿಯಿರಿ. ಇನ್ನೊಂದು ಅಂಚು ಪಕ್ಕದ ಹಾಳೆಯ ಅಡಿಗೆ ಸುಮ್ನೆ ಸಿಕ್ಕಿಕೊಂಡಿರಲಿ. ಮಳೆಗೆ ಆ ಕಡೆ, ಬಿಸಿಲಿಗೆ ಈ ಕಡೆ ಜಾರಿಕೊಳ್ಳುತ್ತದೆ. ಹೊಲಿಗೆಯ ತೂತನ್ನು ದಬ್ಬಣದಿಂದ ಚುಚ್ಚುವಾಗ ದುಂಡಗೆ ಬಿಡದೆ ಅಡ್ಡಕ್ಕೆ ಸ್ವಲ್ಪ ಅಗಲ ಮಾಡಿ. ಅಂಚಿಗೆ ತೀರಾ ಹತ್ತಿರ ಚುಚ್ಚಬೇಡಿ, ಒಂದು ಬೆರಳು ಒಳಗಿರಲಿ. ಬಾಳೆ ನಾರಿನ ಹುರಿ ನನಗೆ ಇಷ್ಟ, ಹಾಳೆಯ ಬಣ್ಣಕ್ಕೆ ಹೊಂದುತ್ತದೆ, ಬಿಗಿ ಹಿಡಿಯುವುದೂ ಮೃದುವಾಗಿ.

ಆಗಲೇ ಸೀಳಿದ ಹಾಳೆಯನ್ನು ಎಸೆಯಬೇಕಿಲ್ಲ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಬಿಚ್ಚಿ, ಎರಡು ಹಲಗೆಗಳ ನಡುವೆ ಭಾರ ಇಟ್ಟು ಒಣಗಿಸಿ. ಸೀಳಿನ ಹಿಂದೆ ಇನ್ನೊಂದು ಹಾಳೆಯ ತುಂಡಿಟ್ಟು ಹೊಲಿಯಿರಿ. ದುರ್ಗದ ಗೆಳೆಯನಿಗೆ ಆ ತೇಪೆಯೇ ಚೆಂದ ಕಂಡಿತು, ಅದನ್ನು ಎದುರಿಗೇ ಕಾಣುವಂತೆ ತಿರುಗಿಸಿ ತೂಗುಹಾಕಿಸಿದ.

ಬೂಷ್ಟು, ಹುಳ, ಮಂಕು ಬೆಳಕು

ಕಪ್ಪು ಚುಕ್ಕೆ, ಬೂದು ಬೂಷ್ಟು ಬರುವುದು ಮಳೆಯಲ್ಲಿ ಬಿದ್ದು ತೋಟದಲ್ಲೇ ನೆನೆದ ಹಾಳೆಗೆ. ಬೇಸಿಗೆಯಲ್ಲಿ ಉದುರಿದ್ದನ್ನು ಅವತ್ತೇ ಎತ್ತಿಕೊಂಡು ಒಣಗಿಸಿದ್ದು ಒಳ್ಳೆಯದು. ಒಂದು ಮರ ವರ್ಷಕ್ಕೆ ಆರೇಳು ಹಾಳೆ ಕೊಡುತ್ತದೆ, ಆರಿಸಿಕೊಳ್ಳಲು ಕೊರತೆ ಇಲ್ಲ. ಬೂಷ್ಟು ಮೇಲ್ಮೈಯಲ್ಲಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಒಣ ಬ್ರಷ್ಷಿನಿಂದ ಉಜ್ಜಿ, ಎರಡು ದಿನ ಬಿಸಿಲಿಗಿಡಿ. ವಾರ್ನಿಷ್ ಅಡಿಯಲ್ಲಿ ಬೂಷ್ಟು ಕಂಡರೆ ಹಾಳೆ ಪೂರ್ತಿ ಒಣಗುವ ಮೊದಲೇ ವಾರ್ನಿಷ್ ಹೊಡೆದಿದ್ದೀರಿ, ತೇವ ಒಳಗೇ ಸಿಕ್ಕಿಬಿದ್ದಿದೆ. ಆ ಹಾಳೆ ಬದಲಿಸುವುದೇ ದಾರಿ.

ದೀಪದ ಕೆಳಗೆ ಮೇಜಿನ ಮೇಲೆ ಗೋಧಿ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಬಿದಿರಿಗೆ ಕುಟ್ಟೆ ಹುಳ ಬಿದ್ದಿದೆ. ಸೂಜಿ ಮೊನೆಯಷ್ಟು ತೂತು ಕಾಣುತ್ತದೆ. ಹುಳ ಬರುವುದು ಬಿದಿರಿನೊಳಗಿನ ಪಿಷ್ಟ ತಿನ್ನಲು. ಮೇದಾರರು ಬಿದಿರನ್ನು ನೀರಿನಲ್ಲಿ ಹಾಕಿಡುವುದರಲ್ಲಿ ಅರ್ಥವಿದೆ, ಆ ಪಿಷ್ಟ ನೀರಿಗೆ ಬಿಟ್ಟುಕೊಳ್ಳುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಪುಡಿ ಕರಗಿಸಿದ ನೀರಿನಲ್ಲಿ ನೆನೆಸಿದರೆ ಇನ್ನೂ ಗಟ್ಟಿ. ಹುಳ ಬಿದ್ದ ಬಳೆಯನ್ನು ಮಾತ್ರ ಉಳಿಸಿಕೊಳ್ಳಬೇಡಿ, ಮನೆಯ ಬೇರೆ ಬಿದಿರಿಗೂ ಹಬ್ಬುತ್ತದೆ.

ಬೆಳಕು ಸಾಲದು ಅನ್ನುವವರು ದೊಡ್ಡ ಬಲ್ಬ್ ಹಾಕುತ್ತಾರೆ, ಅಲ್ಲಿಂದ ಮತ್ತೆ ಬಿಸಿಯ ಕಥೆ ಶುರು. ಅದರ ಬದಲು ಹಾಳೆಯ ನುಣುಪಾದ ಒಳಮೈಯನ್ನು ಬಲ್ಬಿನ ಕಡೆ ತಿರುಗಿಸಿ. ಅದು ಕೆನೆ ಬಣ್ಣದ್ದು, ಬೆಳಕನ್ನು ಕೆಳಗೆ ಎಸೆಯುತ್ತದೆ. ಒರಟು ಮೈ ಒಳಗಿದ್ದರೆ ಅರ್ಧ ಬೆಳಕು ಅದೇ ನುಂಗುತ್ತದೆ. ಬಲ್ಬ್ ವಾರ್ಮ್ ವೈಟ್, ಅಂದರೆ ಹಳದಿ ಛಾಯೆಯದು ಇರಲಿ, 3000 ಕೆಲ್ವಿನ್ನಿನದು. 6500ರ ಬಿಳಿ ಬೆಳಕಿನಲ್ಲಿ ಹಾಳೆ ಬೂದಿ ಬಡಿದಂತೆ ಕಾಣುತ್ತದೆ.

ಮತ್ತೆ ತೂಗುಹಾಕಿದ ಮೇಲೆ

ಸರಿಮಾಡಿದ ದೀಪವನ್ನು ಹಗಲು ಹೊತ್ತಿನಲ್ಲಿ, ನೀವು ಮನೆಯಲ್ಲಿರುವಾಗ ಎರಡು ಗಂಟೆ ಉರಿಸಿ. ಮೊದಲ ಐದು ನಿಮಿಷ ಮೆಲ್ಲಗೆ ತೂಗಿ ನೋಡಿ, ಮಿಣುಕಬಾರದು. ಮುಕ್ಕಾಲು ಗಂಟೆ ದಾಟುವಾಗ ಹತ್ತಿರ ಕೂತು ಗಮನಿಸಿ, ಮೂಗಿಗೂ ಕೆಲಸ ಕೊಡಿ. ಎರಡು ಗಂಟೆ ಆದ ಮೇಲೆ ಎಂಸಿಬಿ ಇಳಿಸಿ, ಕೂಡಲೇ ನೆತ್ತಿಯ ಚಿಪ್ಪಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಹತ್ತು ಎಣಿಸುವಷ್ಟು ಹೊತ್ತು ಕೈ ಇಡಲಾಗದಿದ್ದರೆ ಗೂಟ ಇನ್ನೊಂದು ಬೆರಳು ಎತ್ತರಿಸಿ, ಮತ್ತೆ ಎರಡು ಗಂಟೆ ಉರಿಸಿ.